ನಮ್ಮ ಶಾಲೆಗೆ ದಾನ ಬಂದ ಮೆಮರಿ

ಬೇರೆಯವರ ಕಂಪ್ಯೂಟರ್ ಹಾಳಾದರೆ ರಿಪೇರಿಯಾಗುತ್ತದೆ. ನನ್ನ ಕೈಯಲ್ಲಿದ್ದದ್ದು ಹಾಳಾದರೆ ಊರೆಲ್ಲ ಸುತ್ತಿ ಒಂದು ಕತೆಯಾಗಿ ಮನೆಗೆ ಬರುತ್ತದೆ. ಇದಕ್ಕೆ ನನ್ನ ಜಾತಕ ಕಾರಣವೋ, ನಮ್ಮ ಹೆಡ್‌ಮಾಸ್ಟರ್ ಕಾರಣವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನಾನು ಗುರುವಾಯನಕೆರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಹಿಂದಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ಆಫೀಸು ಕೋಣೆಯ ಕಂಪ್ಯೂಟರಿನ ಮೇಲೆ ಕೂತಿದ್ದ ಧೂಳನ್ನು ನೋಡಲಾರದೆ ಒಮ್ಮೆ ಸೆರಗಿನಿಂದ ಒರೆಸಿದ್ದೆ. ಹೆಡ್‌ಮಾಸ್ಟರ್ ಅದನ್ನು ನೋಡಿಬಿಟ್ಟರು. ಮರುದಿನ ನೋಟೀಸು ಬಂತು: ಇನ್ನು ಮುಂದೆ ಕಂಪ್ಯೂಟರ್ ವಿಭಾಗದ ಹೊಣೆ ಹಿಂದಿ ಟೀಚರ್ ಅವರದ್ದು. ವಿಭಾಗ ಎಂದರೆ ಆ ಒಂದೇ ಕಂಪ್ಯೂಟರ್.

ಆ ವರ್ಷ ಶಾಲೆಗೆ ಎಪ್ಪತ್ತೈದು ತುಂಬುವುದಿತ್ತು. ಸ್ಮರಣ ಸಂಚಿಕೆ ತರುವ ಎಂದು ಹೆಡ್‌ಮಾಸ್ಟರ್ ಹೇಳಿದರು. ತರುವ ಎಂದರೆ ಹಿಂದಿ ಟೀಚರ್ ತರುವುದು. ಆರು ತಿಂಗಳು ಕೂತು ಸುಮಾರು ನೂರು ಪುಟ ಟೈಪ್ ಮಾಡಿದೆ. ಲೇಖನ ಕೊಟ್ಟವರ ಕೈಬರಹದ ಹಾಳೆಗಳನ್ನು, ಟೈಪ್ ಆಯಿತಲ್ಲ ಎಂದು, ನಾನೇ ಬಚ್ಚಲಿನ ಒಲೆಗೆ ಹಾಕಿದ್ದೆ. ಇನ್ನೊಂದು ಕಡೆ ಪ್ರತಿ ಇಟ್ಟುಕೊಳ್ಳಬೇಕು ಎಂಬ ಮಾತನ್ನು ನಾನು ಮಕ್ಕಳಿಗೆ ಹೇಳಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ. ಕಂಪ್ಯೂಟರಾದರೂ ಎಂಥದ್ದು? ಗುಂಡಿ ಒತ್ತಿ, ಒಂಬತ್ತನೆಯ ಕ್ಲಾಸಿನ ಹಾಜರಿ ಕರೆದು, ಒಂದು ಪದ್ಯ ಓದಿಸಿ ಬಂದರೆ ಅದು ಆಗಷ್ಟೇ ಕಣ್ಣು ಬಿಡುತ್ತಿತ್ತು.

ಹರಿವಾಣದಲ್ಲಿ ಬಂದದ್ದು

ಸಮಾರಂಭಕ್ಕೆ ಇನ್ನು ಒಂದೂವರೆ ತಿಂಗಳು ಇರುವಾಗ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಶಾಲೆಗೆ ಬಂದರು. ಗಲ್ಫಿನಲ್ಲಿ ಬಹಳ ವರ್ಷ ದುಡಿದು, ಅಲ್ಲಿನ ಕೆಲಸ ಮುಗಿಸಿ ಆಗಷ್ಟೇ ಊರಿಗೆ ಮರಳಿದವರು. ಬಡ ಹುಡುಗನಾಗಿ ಓದಿದ ಶಾಲೆಗೆ ಏನಾದರೂ ಕೊಡಬೇಕು ಎಂಬ ಆಸೆ ಅವರಿಗೆ. ಕಂಪ್ಯೂಟರ್ ಬಹಳ ನಿಧಾನ, ಅದಕ್ಕೆ ಮೆಮರಿ ಸಾಲುವುದಿಲ್ಲವಂತೆ ಎಂದು ನಾನು ಮಾತಿಗೆ ಹೇಳಿದೆ. ಅವರ ಮುಖ ಅರಳಿತು. ಮೆಮರಿಯಾ, ನನ್ನ ಪೆಟ್ಟಿಗೆಯಲ್ಲಿ ಒಂದು ಉಂಟಲ್ಲ, ನಮ್ಮ ಕಂಪನಿಯದ್ದು, ಕೊಡ್ತೇನೆ ಎಂದರು.

ಸುಮ್ಮನೆ ತೆಗೆದುಕೊಂಡಿದ್ದರೆ ಒಂದು ಸ್ಕ್ರೂ ಬಿಚ್ಚುವ ಕೆಲಸ. ಆದರೆ ನಮ್ಮ ಹೆಡ್‌ಮಾಸ್ಟರ್‌ಗೆ ಸುಮ್ಮನೆ ತೆಗೆದುಕೊಳ್ಳಲು ಬರುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಹಸ್ತಾಂತರ ಕಾರ್ಯಕ್ರಮ ಇಟ್ಟರು. ಬೆರಳುದ್ದದ ಹಸಿರು ಪಟ್ಟಿಯೊಂದು ಹರಿವಾಣದಲ್ಲಿ, ವೀಳ್ಯದೆಲೆಯ ಮೇಲೆ, ಪಕ್ಕದಲ್ಲಿ ಅಡಿಕೆ ಹೂವಿನ ಹಿಂಗಾರ ಇಟ್ಟುಕೊಂಡು ಬಂತು. ಮುಂದಿನ ಸಾಲಿನ ಮಕ್ಕಳ ಎದುರು ಹರಿವಾಣ ಹೋದಾಗ ಅವರು ಅದೇನೋ ಪ್ರಸಾದ ಎಂದುಕೊಂಡು ಒಬ್ಬೊಬ್ಬರಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ದಾನಿಗಳಿಗೆ ಶಾಲು ಹೊದೆಸಿದ್ದಾಯಿತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಮೊದಲೇ ಬಿಚ್ಚಿಟ್ಟಿದ್ದೆವು. ಅವರ ಕೈಯಿಂದಲೇ ಹಾಕಿಸಬೇಕು ಎಂದು ಹೆಡ್‌ಮಾಸ್ಟರ್ ಹಟ ಹಿಡಿದರು. ಹಳೆಯ ಮೆಮರಿಯ ಪಕ್ಕದ ಖಾಲಿ ಜಾಗದಲ್ಲಿ ಅದನ್ನಿಟ್ಟು ಅವರು ಎರಡೂ ಹೆಬ್ಬೆರಳಿನಿಂದ ಮೈಭಾರ ಹಾಕಿ ಒತ್ತಿದರು. ಟಕ್ ಎಂದು ಸದ್ದಾಯಿತು. ಆ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಎದೆಯೊಳಗೆ ಏನೋ ಮುರಿದಂತಾಯಿತು.

ಕರೆಂಟು ಇರಲಿಲ್ಲವಾದ್ದರಿಂದ ಆ ದಿನ ಕಂಪ್ಯೂಟರ್ ಹಾಕಿ ನೋಡಲಾಗಲಿಲ್ಲ. ಅವಲಕ್ಕಿ, ಬಾಳೆಹಣ್ಣು ತಿಂದು ಎಲ್ಲರೂ ಮನೆಗೆ ಹೋದೆವು. ಅದಕ್ಕೆ ಮೊದಲು ಹೆಡ್‌ಮಾಸ್ಟರ್ ಧನ್ಯವಾದದ ಭಾಷಣದಲ್ಲಿ, ಇನ್ನು ನಮ್ಮ ಶಾಲೆಯ ಕಂಪ್ಯೂಟರ್ ಏನನ್ನೂ ಮರೆಯುವುದಿಲ್ಲ ಎಂದು ಸಾರಿದರು. ಶನಿವಾರ ಬೆಳಿಗ್ಗೆ ನಾನು ಗುಂಡಿ ಒತ್ತಿದಾಗ ಅದು ಎದ್ದೇಳುವುದು ಹೇಗೆ ಎಂಬುದನ್ನೂ ಮರೆತಿತ್ತು.

ಹ್ರಸ್ವವೋ ದೀರ್ಘವೋ

ಲೈಟು ಉರಿಯಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಪೆಟ್ಟಿಗೆಯೊಳಗಿಂದ ಕೂಂ, ಕೂಂ ಎಂದು ಒಂದು ಸ್ವರ. ಯಾರೋ ಒಳಗೆ ಸಿಕ್ಕಿಹಾಕಿಕೊಂಡು ಕರೆಯುತ್ತಿದ್ದ ಹಾಗೆ. ಹೊಸ ಮೆಮರಿಯನ್ನು ಮೆಲ್ಲಗೆ ತೆಗೆದೆ. ಆಗಲೂ ಕೂಂ. ಹಳೆಯದನ್ನು ತೆಗೆದು ಪುನಃ ಹಾಕಿದೆ. ಆಗಲೂ ಕೂಂ. ನನ್ನ ನೂರು ಪುಟ ಆ ಕಪ್ಪಿನ ಹಿಂದೆ ಇತ್ತು.

ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿಗೆ ಫೋನು ಮಾಡಿದೆ. ಅವರು ಬಹಳ ಸಮಾಧಾನದ ಮನುಷ್ಯ. ಕೂಗುತ್ತದೆ ಎಂದರೆ ಒಳ್ಳೆಯದು ಟೀಚರ್, ಎಲ್ಲಿ ನೋವು ಅಂತ ಅದೇ ಹೇಳ್ತದೆ, ಹೇಗೆ ಕೂಗುತ್ತದೆ ಹೇಳಿ ಎಂದರು. ಉದ್ದವಾ, ಗಿಡ್ಡವಾ? ವ್ಯಾಕರಣ ಕಲಿಸುವವಳಿಗೆ ಇದು ಸುಲಭದ ಪ್ರಶ್ನೆ. ದೀರ್ಘ ಎಂದೆ. ಮತ್ತೊಮ್ಮೆ ಕಿವಿಗೊಟ್ಟು ಕೇಳಿದೆ. ದೀರ್ಘಕ್ಕಿಂತಲೂ ಉದ್ದ ಉಂಟು, ಪ್ಲುತ ಎನ್ನಬಹುದು ಎಂದೆ. ಅವರಿಗೆ ಪ್ಲುತ ಅರ್ಥವಾಗಲಿಲ್ಲ. ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿಯಿರಿ ಎಂದರು. ಹಿಡಿದೆ. ಫ್ಯಾನಿನ ಸದ್ದು ಮಾತ್ರ ಕೇಳ್ತದೆ, ನೀವೇ ಒಮ್ಮೆ ಅದರ ಹಾಗೆ ಕೂಗಿ ತೋರಿಸಿ ಎಂದರು.

ಆಫೀಸು ಕೋಣೆಯಲ್ಲಿ ಯಾರೂ ಇರಲಿಲ್ಲ. ಮರ್ಯಾದೆಗಿಂತ ನೂರು ಪುಟ ದೊಡ್ಡದು ಎಂದುಕೊಂಡು ಕಣ್ಣು ಮುಚ್ಚಿ, ಕೂಂ… ಕೂಂ… ಕೂಂ… ಎಂದು ಮೂರು ಸಲ ಕೂಗಿದೆ. ಪಕ್ಕದ ಕೋಣೆಯಲ್ಲಿ ಎಂಟನೆಯ ಕ್ಲಾಸು ನನಗಾಗಿ ಕಾಯುತ್ತಿತ್ತು. ಟೀಚರ್ ಅಲ್ಲಿಂದಲೇ ಪಾಠ ಶುರು ಮಾಡಿದರು ಎಂದುಕೊಂಡವೋ ಏನೋ, ಐವತ್ತು ಮಕ್ಕಳೂ ಒಕ್ಕೊರಲಿನಿಂದ ಕೂಂ… ಕೂಂ… ಕೂಂ… ಎಂದು ಹೇಳಿಕೊಟ್ಟದ್ದನ್ನು ಹೇಳಿದವು.

ಬೆಳ್ತಂಗಡಿಯವರಿಗೆ ಫೋನಿನಲ್ಲಿ ಅಷ್ಟೂ ಕೇಳಿಸಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಟೀಚರ್, ಒಟ್ಟು ಎಷ್ಟು ಕಂಪ್ಯೂಟರ್ ಹಾಳಾಗಿದೆ?"

ಎರಡು ಮೊಟ್ಟೆ

ಸೋಮವಾರ ಪೆಟ್ಟಿಗೆಯನ್ನು ರಿಕ್ಷಾದಲ್ಲಿಟ್ಟು ಬೆಳ್ತಂಗಡಿಗೆ ಒಯ್ದೆ. ಅವರು ಮೇಜಿನ ಮೇಲೆ ಮಲಗಿಸಿ, ಮುಚ್ಚಳ ತೆಗೆದು, ಟಾರ್ಚು ಬಿಟ್ಟು ನೋಡಿದರು. ಒಂದು ಮೂಲೆಯಿಂದ ಬಿಳಿಯ ಬಟಾಣಿಯಂಥ ಎರಡು ಮೊಟ್ಟೆಗಳನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಹಲ್ಲಿಯದ್ದು. ಅವುಗಳನ್ನು ಏನು ಮಾಡುವುದೆಂದು ತಿಳಿಯದೆ ನಾನು ಕೈ ಚಾಚಿಕೊಂಡೇ ನಿಂತೆ. ಒಂದು ಗಂಟೆ ಅದನ್ನೂ ಇದನ್ನೂ ಬಿಚ್ಚಿ ಜೋಡಿಸಿದ ಮೇಲೆ ಅವರು, ಬೋರ್ಡೇ ಹೋಗಿದೆ ಟೀಚರ್, ಇದರ ಆಸೆ ಬಿಡಿ ಎಂದರು. ಒಳಗಿನ ಬರಹ ಎಂದು ಕೇಳಿದೆ. ಅದನ್ನೂ ಬಿಡಿ ಎಂದರು. ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೃದುವಾಗಿ ಹೇಳಿದರು ಪಾಪ.

ಶಾಲೆಗೆ ಬಂದಾಗ ಹೆಡ್‌ಮಾಸ್ಟರ್ ಗೇಟಿನಲ್ಲೇ ಕಾಯುತ್ತಿದ್ದರು. ಅವರು ದೊಡ್ಡ ಮನಸ್ಸಿನವರು, ಯಾರಿಗೂ ನೋವು ಮಾಡಲಾರರು. ಅವರ ಮೊದಲ ಚಿಂತೆ ದಾನಿಗಳದ್ದು. ಮೆಮರಿ ಹಾಕಿದ್ದರಿಂದಲೇ ಹೀಗಾಯಿತು ಎಂಬ ಮಾತು ಅವರ ಕಿವಿಗೆ ಬೀಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಅಳುವುದೊಂದು ಬಾಕಿ. ಬೋರ್ಡು ಹೋದ ಸುದ್ದಿ ಹೇಳಿದೆ, ನೂರು ಪುಟ ಹೋದ ಸುದ್ದಿ ಹೇಳಿದೆ, ಕೊನೆಗೆ ಹಲ್ಲಿಯ ಮೊಟ್ಟೆಯ ಸುದ್ದಿಯನ್ನೂ ಹೇಳಿದೆ. ಹೆಡ್‌ಮಾಸ್ಟರ್ ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಇಣುಕಿದರು.

"ಹಾಗಾದ್ರೆ ಇಷ್ಟು ದಿನ ಅದು ನಿಧಾನ ಆದದ್ದಲ್ಲ ಟೀಚರ್," ಎಂದರು, "ಕಾವು ಕೂತದ್ದು."

ಮೂಡುಬಿದಿರೆಯಲ್ಲಿ ಎದ್ದು ಕೂತಿತು

ಒಬ್ಬ ವೈದ್ಯರು ಕೈ ಬಿಟ್ಟರೆ ಇನ್ನೊಬ್ಬರಲ್ಲಿಗೆ ಹೋಗುವುದಿಲ್ಲವೇ? ಮೂಡುಬಿದಿರೆಯಲ್ಲಿ ಒಬ್ಬರು ಇದ್ದಾರೆ, ಸತ್ತದ್ದನ್ನೂ ಎಬ್ಬಿಸುತ್ತಾರೆ ಎಂದು ನಮ್ಮ ಗಣಿತದ ಮಾಸ್ಟ್ರು ಹೇಳಿದರು. ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದೆ. ಹಿಂದೆ ಇಡಿ ಎಂದ ಕಂಡಕ್ಟರ್. ಹಿಂದೆ ಇಟ್ಟರೆ ರಸ್ತೆಯ ಗುಂಡಿಗಳಲ್ಲಿ ಹಾರಿ ಇನ್ನೂ ಏನೇನು ಉದುರುತ್ತದೋ ಎಂದು ನಾನು ಎದೆಗೆ ಅವಚಿಕೊಂಡು ನಿಂತೆ. ಸೀಟಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನೂ ಬೆಡ್‌ಶೀಟಿನ ಗಂಟನ್ನೂ ನೋಡಿ ಎದ್ದು ಜಾಗ ಕೊಟ್ಟರು. ವೇಣೂರು ದಾಟಿದ ಮೇಲೆ ಬಗ್ಗಿ, ಎಷ್ಟು ತಿಂಗಳು ಎಂದು ತುಳುವಿನಲ್ಲಿ ಕೇಳಿದರು. ಆರು ತಿಂಗಳ ಕೆಲಸ ಅಜ್ಜಿ ಎಂದೆ. ನಾವಿಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದೇವೆಂದು ನನಗೆ ಗೊತ್ತಾದದ್ದು ಅವರು ಬೆಡ್‌ಶೀಟನ್ನು ಸ್ವಲ್ಪ ಸರಿಸಿ ಮುಖ ನೋಡಲು ಹೊರಟಾಗ.

ಮೂಡುಬಿದಿರೆಯ ಅಂಗಡಿಯವರು ಏನೂ ಬಿಚ್ಚಲಿಲ್ಲ. ಮೊದಲು ಹಾಕಿ ನೋಡುವ ಎಂದು ವಯರು ಸಿಕ್ಕಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು. ನನ್ನ ಸ್ಮರಣ ಸಂಚಿಕೆಯ ಫೋಲ್ಡರು ಕಣ್ಣೆದುರು ಬಂದು ನಿಂತಿತು. ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ನನಗೊಂದು ಲೋಟ ನೀರು ಕೊಟ್ಟು, ಇದಕ್ಕೆ ಏನೂ ಆಗಲಿಲ್ಲವಲ್ಲ ಎಂದು ಬಂದ್ ಮಾಡಿ ಪುನಃ ಬೆಡ್‌ಶೀಟು ಹೊದೆಸಿದರು. ಆ ಸಂತೋಷದಲ್ಲಿ, ಅಲ್ಲಿಯೇ ಒಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು ಎಂಬ ಬುದ್ಧಿ ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ.

ಶಾಲೆಗೆ ತಂದು ಹೆಡ್‌ಮಾಸ್ಟರ್ ಎದುರು ಗುಂಡಿ ಒತ್ತಿದೆ. ಕೂಂ.

ಮರುದಿನ ಪುನಃ ಮೂಡುಬಿದಿರೆ. ಅಲ್ಲಿ ಎದ್ದಿತು. ಈ ಸಲ ಪೆನ್‌ಡ್ರೈವು ತಂದಿದ್ದೆ. ಅದನ್ನು ಸಿಕ್ಕಿಸಲು ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸಿದ್ದೇ ತಡ, ಪರದೆ ಆರಿಹೋಯಿತು. ಮತ್ತೆ ಏಳಲಿಲ್ಲ. ಒಂದು ಗಂಟೆ ಕಾದೆವು. ಕೊನೆಗೆ ಹಾಗೆಯೇ ಎತ್ತಿಕೊಂಡು ಬಂದೆ. ಬರುವಾಗ ಅಂಗಡಿಯವರು ಸಮಾಧಾನ ಹೇಳಿದರು: "ಕಾಯಿಲೆ ಅಂಥದ್ದೇನಿಲ್ಲ ಟೀಚರ್. ಅದಕ್ಕೆ ಶಾಲೆಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ನಾನು ಸಣ್ಣದಿರುವಾಗ ಹೀಗೇ ಇದ್ದದ್ದು."

ಎರಡನೆಯ ಸಲ ಹೇಳಿದ ಇತಿಹಾಸ

ಅಚ್ಚಿನ ಮನೆಯವರು ಪುಟಗಳನ್ನು ಕೇಳತೊಡಗಿದರು. ಉಳಿದ ಲೇಖನಗಳನ್ನು ಹೇಗಾದರೂ ಪುನಃ ಬರೆಸಬಹುದು. ಶುಭಾಶಯಗಳಂತೂ ಎಲ್ಲವೂ ಒಂದೇ ಥರ, ಹೆಸರು ಬದಲಾಯಿಸಿದರಾಯಿತು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಒಂದೇ ಲೇಖನಕ್ಕೆ. ಶಾಲೆ ಪ್ರೈಮರಿಯಾಗಿ ಶುರುವಾದ ಕಾಲದಲ್ಲಿ ಮೊದಲ ಕ್ಲಾಸಿಗೆ ಸೇರಿ, ಮುಂದೆ ಅಲ್ಲಿಯೇ ಮಾಸ್ಟ್ರಾಗಿ ನಿವೃತ್ತರಾದ ಹಿರಿಯರೊಬ್ಬರು ಪುತ್ತಿಗೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕೈ ನಡುಗುವುದರಿಂದ ಬರೆಯಲಾಗುವುದಿಲ್ಲ. ನಾನು ಆರು ಭಾನುವಾರ ಹೋಗಿ, ಅವರು ಹೇಳಿದ ಶಾಲೆಯ ಇತಿಹಾಸವನ್ನು ಬರೆದುಕೊಂಡು ಬಂದು ಟೈಪ್ ಮಾಡಿ, ಆ ಹಾಳೆಗಳನ್ನೂ ಒಲೆಗೆ ಹಾಕಿದ್ದೆ. ಸಂಚಿಕೆಯಲ್ಲಿ ಓದುವಂಥದ್ದು ಇದ್ದರೆ ಅದೊಂದೇ.

ಇನ್ನೊಮ್ಮೆ ಹೇಳ್ತೀರಾ ಮಾಸ್ಟ್ರೆ ಎಂದು ಕೇಳಲು ಬಾಯಿ ಬರಲಿಲ್ಲ. ಆದರೂ ಭಾನುವಾರ ಹೋಗಿ, ಅವರ ಕಾಲಿನ ಹತ್ತಿರ ಕೂತು, ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಖುಷಿಯೇ ಆಯಿತು. ಹೇಳುವ ಅದಕ್ಕೇನಂತೆ, ಬರಕೋ ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಮೊದಲ ಸಲ ಅವರು ಹೇಳಿದ ಪ್ರಕಾರ, ಶಾಲೆಯ ಜಾಗವನ್ನು ಊರಿನ ದೊಡ್ಡ ಜಮೀನ್ದಾರರಾದ ಗುತ್ತಿನ ಮನೆಯ ಯಜಮಾನರು ಮಕ್ಕಳ ಮೇಲಿನ ಪ್ರೀತಿಯಿಂದ ದಾನವಾಗಿ ಕೊಟ್ಟದ್ದು. ಅದನ್ನು ಬರೆಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಈ ಸಲದ ಪ್ರಕಾರ, ಯಜಮಾನರು ಯಾವುದನ್ನೂ ಕೊಡಲಿಲ್ಲ. ಅವರು ಮೂರು ತಿಂಗಳು ಮಗಳ ಮನೆಗೆ ಹೋಗಿದ್ದಾಗ ಊರವರು ಅವರ ಭತ್ತದ ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿದರು. ಅವರು ಬಂದು ನೋಡುವಾಗ ಮಕ್ಕಳು ಎದ್ದು ನಿಂತು ಜೋರಾಗಿ ನಮಸ್ತೇ ಎಂದದ್ದಕ್ಕೆ ನಾಚಿಕೆಯಾಗಿ ಎಬ್ಬಿಸಲು ಆಗಲಿಲ್ಲ. ಮೊದಲ ಸಲ ಮೊದಲ ಮಾಸ್ಟ್ರು ದೇವರಂಥವರು. ಈ ಸಲ ಅವರಿಗೆ ಮಗ್ಗಿ ಹನ್ನೆರಡರ ಮೇಲೆ ಬರುತ್ತಿರಲಿಲ್ಲ.

ನಾನು ಪೆನ್ನು ಕೆಳಗಿಟ್ಟೆ. ಇದರಲ್ಲಿ ಯಾವುದು ಸತ್ಯ ಮಾಸ್ಟ್ರೆ ಎಂದು ಕೇಳಿದೆ. ಅವರು ಅಂಗಳದ ಕಡೆ ಮುಖ ತಿರುಗಿಸಿ ಬಾಯಿ ಖಾಲಿ ಮಾಡಿಕೊಂಡರು.

"ಮೊದಲಿನದ್ದು ಸಂಚಿಕೆಗೆ ಹೇಳಿದ್ದು. ಅದು ಹೋಯಿತು ಅಂದಿಯಲ್ಲ, ಹಾಗಾಗಿ ಈಗ ನಿನಗೆ ಹೇಳಿದ್ದು."

ಶೀಟಾ, ಹಾಲಾ?

ಇತಿಹಾಸದ ಆ ಎರಡನೆಯ ಪಾಠವನ್ನು ಅಚ್ಚು ಹಾಕುವಂತಿರಲಿಲ್ಲ. ಗುತ್ತಿನ ಮನೆಯ ಈಗಿನ ಯಜಮಾನರೇ ಸಮಾರಂಭದ ಅಧ್ಯಕ್ಷರು. ಸಂಚಿಕೆ ಇಲ್ಲ ಎಂದು ಬರೆದುಕೊಟ್ಟು ಕಂಪ್ಯೂಟರ್ ವಿಭಾಗಕ್ಕೆ ರಾಜೀನಾಮೆ ಕೊಡುವ ಎಂದು ಕಾಗದವನ್ನೂ ಬರೆದಿಟ್ಟಿದ್ದೆ.

ಆಗ ಬಂಟ್ವಾಳ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸಿನ ನಂಬರು ಸಿಕ್ಕಿತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಆಕೆ, ಮೊದಲು ಹಳೆಯ ಮೆಮರಿಯನ್ನು ತೆಗೆದು ರಬ್ಬರಿನಲ್ಲಿ ಉಜ್ಜಿ ನೋಡಿ ಮೇಡಂ ಎಂದರು. ನಾನು ಅದನ್ನು ಹಾಗೆಯೇ ಹೆಡ್‌ಮಾಸ್ಟರ್‌ಗೆ ದಾಟಿಸಿದೆ. ಹೆಡ್‌ಮಾಸ್ಟರ್‌ಗೆ ಶಾಲೆ ಬಿಟ್ಟರೆ ಐದು ಎಕರೆ ರಬ್ಬರ್ ತೋಟವೇ ಪ್ರಪಂಚ. ಅವರು ಗಂಭೀರವಾಗಿ ಕೇಳಿದರು, "ಶೀಟಾ, ಹಾಲಾ?"

ನನಗೂ ಆ ಹೊತ್ತಿಗೆ ತಲೆ ಓಡುತ್ತಿರಲಿಲ್ಲ. ಗೊತ್ತಿಲ್ಲ ಸರ್ ಎಂದೆ. ಮರುದಿನ ಅವರು ಎರಡನ್ನೂ ತಂದರು. ಹೊಗೆ ಹಾಕಿದ ಒಂದು ಶೀಟು, ಒಂದು ಬಾಟಲಿಯಲ್ಲಿ ಬೆಳಿಗ್ಗೆ ಮರದಿಂದ ಇಳಿಸಿದ ಹಾಲು. ಹಾಲನ್ನು ಹತ್ತಿಯಲ್ಲಿ ಅದ್ದುವಷ್ಟರಲ್ಲಿ ನನಗೇಕೋ ಅನುಮಾನ ಬಂದು ಬಂಟ್ವಾಳಕ್ಕೆ ಪುನಃ ಫೋನು ಮಾಡಿದೆ. ಪೆನ್ಸಿಲ್ ಬರಹ ಅಳಿಸುವ ರಬ್ಬರ್ ಮಾರಾಯ್ರೆ ಎಂದರು ಆಕೆ. ಇನ್ನೂರು ಮಕ್ಕಳ ಕಂಪಾಸು ಪೆಟ್ಟಿಗೆಗಳಲ್ಲಿ ಇನ್ನೂರು ರಬ್ಬರು ಇಟ್ಟುಕೊಂಡ ಶಾಲೆ ನಮ್ಮದು. ನಾನು ಉಜ್ಜಿದೆ. ಕೂಂ ನಿಲ್ಲಲಿಲ್ಲ. ನೀವು ಇಲ್ಲಿಗೇ ತನ್ನಿ, ಬೇರೆ ಏನೂ ಮುಟ್ಟಬೇಡಿ, ಆ ಸರ್ ಅಂತೂ ಮುಟ್ಟುವುದೇ ಬೇಡ ಎಂದರು ಆಕೆ.

ಹೆಡ್‌ಮಾಸ್ಟರ್ ತಮ್ಮ ವ್ಯಾನಿನಲ್ಲೇ ಕರೆದುಕೊಂಡು ಹೋದರು. ಆಕೆ ಪೆಟ್ಟಿಗೆ ಬಿಚ್ಚಿ ನೋಡಿದರು. ಮೆಮರಿ ಕೂರುವ ಎರಡು ಜಾಗಗಳಲ್ಲಿ ಒಂದರ, ಪಟ್ಟಿಯನ್ನು ಹಿಡಿದಿಡುವ ಕಿವಿ ಮುರಿದಿತ್ತು. ಅಂದು ಕೇಳಿದ ಟಕ್ ಅದೇ ಎಂದು ಈಗ ಗೊತ್ತಾಯಿತು. ಆ ಒತ್ತಡಕ್ಕೆ ಪಕ್ಕದ ಹಳೆಯ ಮೆಮರಿಯೂ ಸಡಿಲಾಗಿತ್ತು. ಅದನ್ನು ತೆಗೆದು ಹಾಕುವಾಗ ನಾನು ಮುರಿದ ಜಾಗದಲ್ಲೇ ಕೂರಿಸಿದ್ದೆ. ಬಸ್ಸಿನ ಕುಲುಕಾಟಕ್ಕೆ ಒಮ್ಮೆ ಸರಿಯಾಗಿ ಕೂರುತ್ತಿತ್ತು, ಒಮ್ಮೆ ಏಳುತ್ತಿತ್ತು. ಬೋರ್ಡೂ ಸರಿಯಿತ್ತು, ಎಲ್ಲವೂ ಸರಿಯಿತ್ತು. ಆಕೆ ಹಳೆಯ ಮೆಮರಿಯನ್ನು ಇನ್ನೊಮ್ಮೆ ಉಜ್ಜಿ, ಊದಿ, ಮುರಿಯದ ಜಾಗದಲ್ಲಿ ಮೆಲ್ಲಗೆ ಒತ್ತಿದರು. ಪರದೆ ಬಂತು. ನಾನು ಅಳಲಿಲ್ಲ. ಮೊದಲು ಪೆನ್‌ಡ್ರೈವ್ ಹಾಕಿ ಎಂದೆ. ಎರಡು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಸರಿ ಬಂದಿದೆಯೋ ಎಂದು ಆಕೆ ತಮ್ಮ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಅದರಲ್ಲಿ ನಮ್ಮ ಕನ್ನಡ ಫಾಂಟು ಇರಲಿಲ್ಲವಾಗಿ, ಕೊಂಬು ಬಾಲ ಇರುವ ಯಾವುದೋ ಅಕ್ಷರಗಳು ಪುಟದ ತುಂಬ ಬಂದವು. ಇದೆಂಥದ್ದು ಎಂದು ನಾನು ಕಿರುಚಿದೆ. ಹೆಡ್‌ಮಾಸ್ಟರ್ ಮಾತ್ರ ಕನ್ನಡಕ ಏರಿಸಿ ಓದಲು ಪ್ರಯತ್ನಿಸಿ, ಪರವಾಗಿಲ್ಲ ಟೀಚರ್, ಹಿಂದಿಯಲ್ಲಿ ಬರೆದದ್ದಾದರೂ ಉಳಿಯಿತಲ್ಲ ಎಂದರು.

ಫಾಂಟು ಹಾಕಿದ ಮೇಲೆ ಎಲ್ಲ ಸರಿಯಾಯಿತು. ಆಮೇಲೆ ಹೆಡ್‌ಮಾಸ್ಟರ್ ಜೇಬಿನಿಂದ ವೀಳ್ಯದೆಲೆಯಲ್ಲಿ ಮಡಿಸಿಟ್ಟ ದಾನದ ಮೆಮರಿಯನ್ನು ತೆಗೆದರು. ಇದನ್ನೂ ಹಾಕಿ ಕೊಡಿ ಎಂದು ಕೇಳಿದರು. ಆಕೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ತಲೆಯಾಡಿಸಿದರು. ಇದು ದೊಡ್ಡ ಕಂಪನಿಗಳ ಸರ್ವರ್‌ಗೆ ಹಾಕುವಂಥದ್ದು, ನೋಡಲು ಒಂದೇ ಥರ, ಜಾಗದಲ್ಲಿ ಕೂರುವುದೂ ಕೂರುತ್ತದೆ, ಆದರೆ ಇದನ್ನು ಹಾಕಿದರೆ ಈ ಕಂಪ್ಯೂಟರ್ ಯಾವತ್ತೂ ಏಳುವುದಿಲ್ಲ ಎಂದರು. ಹೆಡ್‌ಮಾಸ್ಟರ್ ಸಣ್ಣ ಮುಖ ಮಾಡಿಕೊಂಡು ಪುನಃ ಎಲೆಯಲ್ಲಿ ಮಡಿಸಿದರು. ಬರುವ ದಾರಿಯಲ್ಲಿ ಪುಂಜಾಲಕಟ್ಟೆಯಲ್ಲಿ ವ್ಯಾನನ್ನು ಬದಿಗೆ ನಿಲ್ಲಿಸಿದರು. ಅಲ್ಲಿ ಕೇಳಿದರು, "ಸುಮ್ಮನೆ ಒಳಗೆ ಕೂತುಕೊಳ್ಳಲಿಕ್ಕೂ ಬಿಡುವುದಿಲ್ಲವಾ ಅದು?"

ಉದ್ಘಾಟನೆ

ಸಂಚಿಕೆ ಅಚ್ಚಾಯಿತು. ಇತಿಹಾಸ ಮೊದಲನೆಯ ಪಾಠದ್ದೇ. ಸಮಾರಂಭದ ದಿನ ದೀಪ ಬೆಳಗುವುದು ಹಳೆಯ ಕ್ರಮವಾಯಿತು, ದಾನಿಗಳಿಂದ ಕಂಪ್ಯೂಟರಿನ ಗುಂಡಿ ಒತ್ತಿಸಿಯೇ ಉದ್ಘಾಟನೆ ಮಾಡುವ ಎಂದು ಹೆಡ್‌ಮಾಸ್ಟರ್ ನಿಶ್ಚಯಿಸಿದರು. ಒತ್ತಿದ ಕೂಡಲೇ ಪರದೆಯ ಮೇಲೆ ಶಾಲೆಯ ಚಿತ್ರ ಬರಬೇಕು. ನಾನು ಬೇಡ ಎಂದು ಕೈಮುಗಿದೆ. ಅವರು ಕೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ವೇದಿಕೆಯ ಮೇಲೆ ಕಂಪ್ಯೂಟರ್ ಇಟ್ಟು ಮೂರು ಸಲ ಹಾಕಿ ನೋಡಿದೆ. ಮೂರು ಸಲವೂ ಎದ್ದಿತು. ಅದಕ್ಕೊಂದು ಮಲ್ಲಿಗೆಯ ಮಾಲೆ ಹಾಕಿ ನಾನು ಸೀರೆ ಬದಲಾಯಿಸಲು ಹೋದೆ.

ಹತ್ತು ಗಂಟೆಗೆ ದಾನಿಗಳು ಬಂದರು. ವೇದಿಕೆಯ ಮೆಟ್ಟಿಲ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು. ಒಂದು ವಿಷಯ ಯಾರಿಗೂ ಹೇಳಲಿಲ್ಲ ಟೀಚರ್ ಎಂದರು. ಅವರು ಆ ಕಂಪನಿಯಲ್ಲಿ ಇದ್ದದ್ದು ವಾಚ್‌ಮನ್ ಆಗಿ. ಕಂಪ್ಯೂಟರುಗಳನ್ನು ಇಟ್ಟ ತಣ್ಣನೆಯ ಕೋಣೆಯ ಬಾಗಿಲಿನ ಹೊರಗೆ ಕುರ್ಚಿ ಹಾಕಿ ಕೂರುವ ಕೆಲಸ. ಊರಿಗೆ ಹೊರಡುವ ವಾರ, ಶಾಲೆಗೆ ಕೊಡಲು ಏನಾದರೂ ಉಂಟಾ ಎಂದು ಒಳಗಿನವರನ್ನು ಕೇಳಿದ್ದಕ್ಕೆ ಅವರು ಇದನ್ನು ಕೊಟ್ಟಿದ್ದರು. ಮೆಮರಿ ಎಂಬ ಹೆಸರೊಂದು ಬಿಟ್ಟರೆ ಅದು ಏನು, ಏನು ಮಾಡುತ್ತದೆ, ಒಂದೂ ಇವರಿಗೆ ಗೊತ್ತಿಲ್ಲ. ಶಾಲು ಹೊದೆಸಿಕೊಂಡ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲವಂತೆ. "ಅದು ನಡೀತಾ ಉಂಟಲ್ಲ ಟೀಚರ್?" ಎಂದು ಕೇಳಿದರು. ಆ ಮುಖ ನೋಡಿ ನಿಜ ಹೇಳುವ ಧೈರ್ಯ ಯಾರಿಗೆ ಬರುತ್ತದೆ? ಚೆನ್ನಾಗಿ ನಡೀತಾ ಉಂಟು ಎಂದೆ. ಅವರು ಉಸಿರು ಬಿಟ್ಟು ವೇದಿಕೆ ಹತ್ತಿದರು.

ನಾನು ಮೈಕಿನ ಹತ್ತಿರ ನಿಂತೆ. ಹೆಡ್‌ಮಾಸ್ಟರ್ ನನ್ನ ಪಕ್ಕಕ್ಕೆ ಬಂದು, ಮುಖದಲ್ಲಿ ಒಂದು ಶಾಂತಿ ಇಟ್ಟುಕೊಂಡು, ಮೆಲ್ಲಗೆ ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದವನು ನಾನು, ಇಷ್ಟು ಜನರ ಎದುರು ಇವರ ಮೆಮರಿಯಿಂದಲೇ ನಡೆಯುತ್ತಿದೆ ಎಂದು ಸುಳ್ಳು ಹೇಳುವುದು ಹೇಗೆ ಟೀಚರ್, ಹಾಗಾಗಿ ಒಂಬತ್ತು ಗಂಟೆಗೆ ನಾನೇ ಅದನ್ನು ಒಳಗೆ ಇಟ್ಟುಬಿಟ್ಟೆ, ಹಾಳಾಗದ ಹಾಗೆ ಮೆಲ್ಲಗೆ ಒತ್ತಿದ್ದೇನೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ದಾನಿಗಳು ಗುಂಡಿ ಒತ್ತಿಯಾಗಿತ್ತು.

ಪರದೆ ಕಪ್ಪು. ಪೆಟ್ಟಿಗೆಯ ಎದುರಿಗೇ ಮೈಕು. ಇಡೀ ಮೈದಾನಕ್ಕೆ ಕೇಳುವ ಹಾಗೆ, ಎಂಟು ಧ್ವನಿವರ್ಧಕಗಳಿಂದ ಒಟ್ಟಿಗೆ, ಕೂಂ… ಕೂಂ… ಕೂಂ… ಎಂದಿತು. ಮೊದಲು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರೇ ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಆಶಯ ಗೀತೆಗಾಗಿ ಸಾಲಾಗಿ ನಿಂತಿದ್ದ ಹುಡುಗಿಯರು, ಶ್ರುತಿ ಕೊಟ್ಟಾಯಿತು ಎಂದುಕೊಂಡು ಅದೇ ಸ್ವರ ಹಿಡಿದು ಹಾಡು ಎತ್ತಿಯೇಬಿಟ್ಟರು. ಹೇಳಬೇಕೆಂದರೆ, ಆ ವರ್ಷದಷ್ಟು ಸರಿಯಾದ ಶ್ರುತಿಯಲ್ಲಿ ನಮ್ಮ ಮಕ್ಕಳು ಮೊದಲೆಂದೂ ಹಾಡಿರಲಿಲ್ಲ. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಭಕ್ತಿಯಿಂದ ಎಂದು ಜನ ತಿಳಿದಿರಬೇಕು.

ಕಣ್ಣು ಬಿಟ್ಟಾಗ ದಾನಿಗಳು ನನ್ನ ಪಕ್ಕದಲ್ಲಿದ್ದರು. ಅವರ ಮುಖದಲ್ಲಿ ಯಾವ ಸಂಶಯವೂ ಉಳಿದಿರಲಿಲ್ಲ. ಕಣ್ಣಂಚಿನಲ್ಲಿ ನೀರು ಬೇರೆ.

"ಈಗ ನನಗೆ ಸಮಾಧಾನ ಆಯಿತು ಟೀಚರ್," ಎಂದರು. "ಸರಿಯಾಗಿ ನಡೀತಾ ಉಂಟು. ಅಲ್ಲಿ ಇರುವಾಗಲೂ ದಿನ ಇಡೀ ಇದೇ ಸ್ವರ. ಇದರ ಬೊಬ್ಬೆ ತಡೆಯಲಾಗದೆಯೇ ಒಳಗಿನವರು ಕಿತ್ತು ನನಗೆ ಕೊಟ್ಟದ್ದು."